ನರಕೋಶಗಳು ಒಂದಕ್ಕೊಂದು ಅಂಟಿಕೊಂಡಿಲ್ಲ ಎಂದಮೇಲೆ ಸಂದೇಶ ದಾಟುವುದು ಹೇಗೆ?

ಕೋಶದ ಒಳಗೆ ಸಂದೇಶ ಓಡುವುದು ವಿದ್ಯುತ್ತಾಗಿ, ಎರಡು ಕೋಶಗಳ ನಡುವಿನ ಸಂದು ದಾಟುವುದು ಬಹುಮಟ್ಟಿಗೆ ರಾಸಾಯನಿಕವಾಗಿ. ಆ ಸಂದು ಬರೀ 20ರಿಂದ 40 ನ್ಯಾನೊಮೀಟರ್ ಅಗಲ.

ವಿದ್ಯುತ್ ಅಲೆ ನರತಂತುವಿನ ತುದಿ ಮುಟ್ಟಿದೊಡನೆ ಅಲ್ಲಿ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆಗ ತುದಿಯಲ್ಲಿ ಸಿದ್ಧವಾಗಿದ್ದ ಪುಟ್ಟ ಚೀಲಗಳು ಹೊರಪೊರೆಗೆ ಬೆಸೆದುಕೊಂಡು ತಮ್ಮೊಳಗಿನ ನರವಾಹಕವನ್ನು, ಅಂದರೆ ಸಂದೇಶ ಒಯ್ಯುವ ರಾಸಾಯನಿಕವನ್ನು, ಸಂದಿಗೆ ಸುರಿಯುತ್ತವೆ. ಅದು ಆಚೆಯ ಕೋಶದ ಗ್ರಾಹಕಗಳ (ಸಂದೇಶವನ್ನು ಬರಮಾಡಿಕೊಳ್ಳುವ ಅಣುಗಳ) ಮೇಲೆ ಕೂರುತ್ತದೆ. ಇಷ್ಟೆಲ್ಲ ಮುಗಿಯಲು ಒಂದು ಮಿಲಿಸೆಕೆಂಡಿನ ಆಸುಪಾಸು ಸಾಕು.

ಪರಿಣಾಮ ಏನೆಂದು ತೀರ್ಮಾನಿಸುವುದು ಮುಖ್ಯವಾಗಿ ಗ್ರಾಹಕ. ಅಸಿಟೈಲ್‌ಕೋಲಿನ್ ಎಂಬ ನರವಾಹಕ ಕೈಕಾಲಿನ ಸ್ನಾಯುವನ್ನು ಬಿಗಿಸುತ್ತದೆ, ಅದೇ ವಸ್ತು ಹೃದಯಬಡಿತವನ್ನು ನಿಧಾನಗೊಳಿಸುತ್ತದೆ. 1921ರಲ್ಲಿ ವಿಜ್ಞಾನಿ ಆಟೊ ಲೋವಿ ಕಪ್ಪೆಯ ಹೃದಯಕ್ಕೆ ಹೋಗುವ ವೇಗಸ್ ನರವನ್ನು ಪ್ರಚೋದಿಸಿ, ಆ ಹೃದಯದಲ್ಲಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ನರವನ್ನು ಮುಟ್ಟದಿದ್ದರೂ ಎರಡನೆಯದರ ಬಡಿತ ಇಳಿಯಿತು! ಸಂದೇಶ ಒಯ್ದದ್ದು ರಾಸಾಯನಿಕ ಎಂಬುದಕ್ಕೆ ಇದಕ್ಕಿಂತ ಸರಳ ಪುರಾವೆ ಬೇಕೇ? 1936ರ ನೊಬೆಲ್ ಅವರಿಗೂ ಹೆನ್ರಿ ಡೇಲ್ ಅವರಿಗೂ ಸಂದಿತು.

ಪಠ್ಯಪುಸ್ತಕಗಳು ಅವಸರದಲ್ಲಿ ದಾಟಿಬಿಡುವ ಭಾಗ ಇನ್ನೊಂದಿದೆ: ಸಂದೇಶವನ್ನು ಅಳಿಸುವುದು. ಕೆಲವು ನರವಾಹಕಗಳನ್ನು ಕೋಶವೇ ಮರಳಿ ಹೀರಿಕೊಳ್ಳುತ್ತದೆ. ಅಸಿಟೈಲ್‌ಕೋಲಿನನ್ನಾದರೋ ಒಂದು ಕಿಣ್ವ ಅಲ್ಲೇ ತುಂಡರಿಸುತ್ತದೆ. ನಮ್ಮ ಹೊಲಗಳಲ್ಲಿ ಸಿಂಪಡಿಸುವ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಈ ಕಿಣ್ವವನ್ನೇ ಕಟ್ಟಿಹಾಕುತ್ತವೆ. ವಿಷ ಮೈಗೆ ಸೇರಿದರೆ ಸಂದೇಶ ನಿಲ್ಲುವುದೇ ಇಲ್ಲ: ಜೊಲ್ಲು, ಬೆವರು, ಸ್ನಾಯುಗಳ ಅದುರುವಿಕೆ, ಕೊನೆಗೆ ಉಸಿರಿಗೇ ಕುತ್ತು. ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಒಂದು ಬಗೆಯ ಗ್ರಾಹಕಗಳನ್ನು ಮುಚ್ಚುತ್ತದೆ. ಉಸಿರಾಟದ ಸ್ನಾಯುಗಳಲ್ಲಿರುವ ಗ್ರಾಹಕಗಳ ಬಗೆ ಬೇರೆ, ಅಲ್ಲಿ ಅದು ನಾಟುವುದಿಲ್ಲ. ಅದಕ್ಕೇ ಕೆಲವು ರೋಗಿಗಳಿಗೆ ವೆಂಟಿಲೇಟರ್ ಬೇಕಾಗುತ್ತದೆ.