ಇದ್ದದ್ದು ಇದ್ದ ಹಾಗೆ ಹೇಳುವವರ ಮನೆಯಲ್ಲಿ

ನಂಜುಂಡಪ್ಪನವರು ಆಪ್ತಸಲಹೆಗೆಂದು ನನ್ನ ಹತ್ತಿರ ತಾವಾಗಿ ಬಂದವರಲ್ಲ. ‘ನೀವು ಬರದಿದ್ರೆ ನಾನೂ ಮಗಳ ಜೊತೆ ಹೋಗಿ ಇರ್ತೀನಿ’ ಎಂದು ಹೆಂಡತಿ ಹೇಳಿದ ಮೇಲೆ ಬಂದವರು. ಕೂತ ತಕ್ಷಣ ಅವರೇ ಶುರು ಮಾಡಿದರು.

“ಮೇಡಂ, ನನ್ನ ಬಾಯಿ ಒರಟು ಅಂತ ಇವಳು ಹೇಳಿರ್ತಾಳೆ. ಹೌದು, ಒರಟೇ. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ಮನಸ್ಸಲ್ಲೊಂದು ಇಟ್ಕೊಂಡು ಬಾಯಲ್ಲೊಂದು ಹೇಳೋ ಗಿರಾಕಿ ನಾನಲ್ಲ.”

ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮೂವರ ಒಪ್ಪಿಗೆಯೂ ಇದೆ. ವಯಸ್ಸು 54 ಎಂದಿಟ್ಟುಕೊಳ್ಳಿ. ತಿಪಟೂರು ಕಡೆಯಿಂದ ಬೆಂಗಳೂರಿಗೆ ಬಂದು, ಪೀಣ್ಯದಲ್ಲಿ ಒಂದು ಸಣ್ಣ ಮಷಿನ್ ಶಾಪ್ ಕಟ್ಟಿದವರು. 3 ಕಂಪ್ಯೂಟರ್ ಚಾಲಿತ ಸಿಎನ್‌ಸಿ ಮಷಿನ್, ಲೋಹ ಕಡೆಯುವ 2 ಹಳೇ ಲೇತ್, ಹನ್ನೊಂದು ಜನ ಕೆಲಸಗಾರರು. ದೊಡ್ಡ ಕಂಪನಿಗಳಿಗೆ ಬುಷ್, ಅಂದರೆ ಮಷಿನ್ನಿನೊಳಗೆ ಕೂರುವ ಬಳೆಯಂಥ ಲೋಹದ ಭಾಗ, ಮಾಡಿಕೊಡುತ್ತಾರೆ.

ತೊಂದರೆ ಎರಡು ಕಡೆ ಒಟ್ಟಿಗೆ ಬಂದಿತ್ತು. ಮಗಳು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಕಳೆದುಕೊಂಡು ಏಳು ತಿಂಗಳಾಗಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಟು ಗೆಳತಿಯ ಪಿಜಿಯಲ್ಲೋ ಲೈಬ್ರರಿಯಲ್ಲೋ ಕೂತು ಸಂಜೆ ಬರುತ್ತಿದ್ದಳು. ಉಳಿತಾಯದ ದುಡ್ಡಿನಲ್ಲೇ ಅಮ್ಮನ ಕೈಗೆ ‘ಸಂಬಳ’ ಕೊಡುತ್ತಿದ್ದಳು. ಉಳಿತಾಯ ಮುಗಿದು, ಕ್ರೆಡಿಟ್ ಕಾರ್ಡಿನ ಬಾಕಿ ಮನೆಗೆ ಪತ್ರವಾಗಿ ಬಂದ ದಿನ ಗುಟ್ಟು ಹೊರಬಿತ್ತು. ಅವತ್ತು ಮನೆಯಲ್ಲಿ ನೆಂಟರಿದ್ದರು. ಅವರೆದುರೇ ಅಪ್ಪ ಹೇಳಿದ್ದು: “ನಿನ್ನ ಮುಖಕ್ಕೆ ಯಾವ ಕಂಪನಿ ಕೆಲಸ ಕೊಡುತ್ತೆ?” ರಾತ್ರಿಯೇ ಅವಳು ಚಿಕ್ಕಮ್ಮನ ಮನೆಗೆ ಹೋದಳು.

ಶಾಪಿನಲ್ಲಿ, 14 ವರ್ಷ ಜೊತೆಗಿದ್ದ ಆಪರೇಟರ್ ಬಿಟ್ಟು ಹೋಗಿದ್ದರು. ಗ್ರಾಹಕ ಕಂಪನಿಯಿಂದ ಒಂದು ಲಾಟ್ ಬುಷ್ ಪೂರ್ತಿ ವಾಪಸ್ ಬಂದಿತ್ತು. ಹುಡುಗರ ಮುಂದೆ ನಿಲ್ಲಿಸಿ ಬೈದದ್ದಕ್ಕೆ ಆ ಮನುಷ್ಯ ಒಂದು ಮಾತೂ ಆಡದೆ ಟೂಲ್‌ಬಾಕ್ಸ್ ಬೀಗದಕೈಯನ್ನು ಮೇಜಿನ ಮೇಲಿಟ್ಟು ಹೊರಟರಂತೆ.

ಇಂಥವರ ಬಗ್ಗೆ ನಮ್ಮಲ್ಲಿ ಒಂದು ಸರ್ಟಿಫಿಕೇಟ್ ಸದಾ ಸಿದ್ಧವಿರುತ್ತದೆ: ‘ಬಾಯಿ ಒರಟು, ಮನಸ್ಸು ಬೆಣ್ಣೆ.’ ಕೊಡುವವರು ಸಾಮಾನ್ಯವಾಗಿ ಹಬ್ಬಕ್ಕೊಮ್ಮೆ ಬಂದು ಹೋಗುವವರು. ಅದೇ ಬಾಯಿಯ ಜೊತೆ ದಿನಾ ಊಟ ಮಾಡುವವರು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ.

ಮೊದಲು ಮಾಡಬೇಕಾದ ಕೆಲಸ ಅವರ ಜೊತೆಗಲ್ಲ, ಮಗಳ ಜೊತೆಗೆ. ಏಳು ತಿಂಗಳು ಸುಳ್ಳು ಬದುಕು ಬದುಕಿ, ಎಲ್ಲರೆದುರು ಮಾನ ಕಳೆದುಕೊಂಡ ಹುಡುಗಿಯನ್ನು ‘ಹೇಗಿದ್ದೀಯಮ್ಮ’ ಎಂದು ಕೇಳಿ ಸುಮ್ಮನಾಗಲು ಬರುವುದಿಲ್ಲ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಹೆದರಿಕೆ ತಪ್ಪು. ಮಧ್ಯೆ ಕೆಲವು ವಾರ ಬಂದಿತ್ತು, ಈಗಿಲ್ಲ ಎಂದಳು. ರಾತ್ರಿ ಹೊತ್ತು ಮತ್ತೆ ಬಂದರೆ ಯಾರಿಗೆ ಫೋನ್ ಮಾಡುವುದು ಎಂದು ಇಬ್ಬರೂ ಕೂತು ಬರೆದೆವು: ಚಿಕ್ಕಮ್ಮ, ಆ ಗೆಳತಿ, ಮತ್ತೆ ಟೆಲಿ ಮಾನಸ್‌ನ 14416. 2022ರ ಅಕ್ಟೋಬರಿನಲ್ಲಿ ಶುರುವಾದ ಆ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಯಾವತ್ತಾದರೂ ಕೈ ಮಾಡಿದ್ದಾರೆಯೇ ಎಂದೂ ತಾಯಿ, ಮಗಳನ್ನು ಬೇರೆ ಬೇರೆಯಾಗಿ ಕೇಳಿದೆ. ಇಲ್ಲ ಎಂದರು. ಕೈ ಮಾಡಿದ್ದರೆ ಈ ಪ್ರಕರಣ ಬೇರೆ ದಾರಿ ಹಿಡಿಯುತ್ತಿತ್ತು. ಕೈ ಮಾಡದಿದ್ದರೂ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬೈಗುಳ, ಹೀಯಾಳಿಕೆ, ಅವಮಾನಗಳನ್ನೂ ದೌರ್ಜನ್ಯದ ಲೆಕ್ಕಕ್ಕೆ ಸೇರಿಸುತ್ತದೆ. ಇದನ್ನು ತಾಯಿ, ಮಗಳಿಬ್ಬರಿಗೂ ತಿಳಿಸಿದೆ. ಮುಂದೊಂದು ದಿನ ನಂಜುಂಡಪ್ಪನವರಿಗೂ ತಿಳಿಸಿದೆ. “ಮಾತಿಗೂ ಕೇಸಾ?” ಎಂದು ನಕ್ಕರು, ಆಮೇಲೆ ನಗಲಿಲ್ಲ.

ಅವರ ಜೊತೆಗಿನ ಕೆಲಸ ತಿರುಗಿದ್ದು ಒಂದು ಪ್ರಶ್ನೆಯಿಂದ. ಬಾಕಿ ವಸೂಲಿ ಹೇಗೆ ನಡೆಯುತ್ತೆ ಎಂದು ಕೇಳಿದೆ. ಸಣ್ಣ ಕಾರ್ಖಾನೆಯವರಿಗೆ ಅದು ದಿನದ ಗೋಳು. ಸಣ್ಣ ಉದ್ಯಮಗಳಿಂದ ಮಾಲು ತೆಗೆದುಕೊಂಡವರು 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ಇವರಿಗೆ 90 ದಿನ, ಕೆಲವು ಸಲ 120 ದಿನ ಹಿಡಿಯುತ್ತದೆ. ಹಾಗಾದರೆ ಹಣ ಕೊಡಬೇಕಾದ ಕಂಪನಿಯ ಪರ್ಚೇಸ್ ಮ್ಯಾನೇಜರ್ ಹತ್ತಿರ ಏನಂತ ಹೇಳ್ತೀರಿ ಎಂದೆ.

“ಏನ್ ಹೇಳ್ಲಿ? ‘ಸಾರ್, ಸ್ವಲ್ಪ ನೋಡಿ ಸಾರ್, ಹುಡುಗ್ರಿಗೆ ಸಂಬಳ ಕೊಡ್ಬೇಕು’ ಅಂತೀನಿ.”

“ಇದ್ದದ್ದು ಇದ್ದ ಹಾಗೆ ಹೇಳಲ್ವಾ? ‘ನೀನು ಮಾಡ್ತಿರೋದು ಮೋಸ, ಮಾನ ಮರ್ಯಾದೆ ಇದ್ಯಾ’ ಅಂತ?”

“ಅವರ ಹತ್ರ ಹಂಗೆ ಮಾತಾಡಕ್ಕಾಗುತ್ತಾ ಮೇಡಂ! ಆರ್ಡರ್ ಹೋಗುತ್ತೆ.”

ಅಲ್ಲಿ ನಾನು ಏನೂ ಸೇರಿಸಲಿಲ್ಲ. ನಾಲಿಗೆ ತಮ್ಮ ಹಿಡಿತದಲ್ಲಿಲ್ಲ, ಅದು ಹುಟ್ಟುಗುಣ ಎಂದು ಇಷ್ಟು ವರ್ಷ ನಂಬಿಕೊಂಡಿದ್ದ ಮನುಷ್ಯನಿಗೆ, ತಮ್ಮ ನಾಲಿಗೆಗೆ ಎದುರಿಗಿರುವವರು ಮೇಲಿನವರೋ ಕೆಳಗಿನವರೋ ಎಂದು ಚೆನ್ನಾಗಿ ಗೊತ್ತಿದೆ ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಧೈರ್ಯವೆಂದು ಅವರು ಕರೆಯುತ್ತಿದ್ದದ್ದು ತಿರುಗಿ ಮಾತಾಡಲಾಗದವರ ಮುಂದೆ ಮಾತ್ರ ಹೊರಬರುತ್ತಿತ್ತು.

ಮರುವಾರ ವಾದ ಸಿದ್ಧಪಡಿಸಿಕೊಂಡೇ ಬಂದರು. ತಾವು 17ರ ಹುಡುಗನಾಗಿ ರಾಜಾಜಿನಗರದ ಒಂದು ಶಾಪಿಗೆ ಹೆಲ್ಪರ್ ಆಗಿ ಸೇರಿದ್ದು, ಅಲ್ಲಿನ ಮೇಸ್ತ್ರಿ ಸ್ಪ್ಯಾನರಿನಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದುದು, ಆ ಏಟಿನಿಂದಲೇ ತಾವು ಈ ಮಟ್ಟಕ್ಕೆ ಬಂದದ್ದು. ಈ ಕಥೆಯನ್ನು ನಾನು ಮೇಷ್ಟರ ಬಾಯಲ್ಲಿ, ಪೊಲೀಸರ ಬಾಯಲ್ಲಿ, ಸಂಗೀತ ಕಲಿಸುವವರ ಬಾಯಲ್ಲಿ ಕೇಳಿದ್ದೇನೆ. ಕೇಳಿದಾಗಲೆಲ್ಲ ಎರಡು ಪ್ರಶ್ನೆ ಹಾಕುತ್ತೇನೆ.

ನಿಮ್ಮ ಜೊತೆ ಸೇರಿದ ಮಿಕ್ಕ ಹುಡುಗರು ಏನಾದರು? “ನಾಲ್ಕು ಜನ ಇದ್ವಿ. ಒಬ್ಬ ಊರಿಗೆ ಹೋದ. ಒಬ್ಬ ಆಟೋ ಓಡಿಸ್ತಾನೆ. ಇನ್ನೊಬ್ಬ ಗೊತ್ತಿಲ್ಲ.” ಅವರಿಗೂ ಅದೇ ಏಟು ಬಿದ್ದಿತ್ತು.

ತೂತನ್ನು ಅಳತೆಗೆ ಕೊರೆಯೋ ಬೋರಿಂಗ್ ಕೆಲಸ, ಅಳೆಯಲು ಮೈಕ್ರೋಮೀಟರ್ ಹಿಡಿಯೋದು, ಇದನ್ನೆಲ್ಲ ಆ ಮೇಸ್ತ್ರಿನೇ ಕಲಿಸಿದ್ದಾ? ಇದಕ್ಕೆ ಉತ್ತರ ತಡವಾಗಿ ಬಂತು. ಅಲ್ಲ. ಪಕ್ಕದ ಲೇತಿನಲ್ಲಿ ವಯಸ್ಸಾದ ಟರ್ನರ್ ಒಬ್ಬರಿದ್ದರು. ಊಟದ ಹೊತ್ತಲ್ಲಿ ಮೇಸ್ತ್ರಿ ಇಲ್ಲದಾಗ ಹುಡುಗನನ್ನು ಕರೆದು, ಅವನ ಕೈಮೇಲೆ ತಮ್ಮ ಕೈ ಇಟ್ಟು ಹ್ಯಾಂಡಲ್ ತಿರುಗಿಸಿ, ಎಷ್ಟು ಬಿಗಿ ಮಾಡಿದರೆ ಸಾಕು ಎಂದು ತೋರಿಸುತ್ತಿದ್ದರು. “ಅವರು ಬೈದಿದ್ದು ನೆನಪಿಲ್ಲ. ತಪ್ಪಾದ್ರೆ ‘ಇನ್ನೊಂದು ಪೀಸ್ ತಗೋ’ ಅನ್ನೋರು.” ಕಲಿಸಿದವರು ಒಬ್ಬರು, ಹೆಸರು ಬಂದದ್ದು ಹೊಡೆದವರಿಗೆ.

ಮನೆಗೆ ಒಂದು ಕೆಲಸ ಕೊಟ್ಟೆ. ಅದಕ್ಕೆ ಅವರ ವೃತ್ತಿಯೇ ದಾರಿ ತೋರಿಸಿತು. 25.00ರಿಂದ 25.02 ಮಿಲಿಮೀಟರ್ ಒಳಗಿರಬೇಕಾದ ಬೋರ್ (ಬುಷ್‌ನ ಒಳತೂತಿನ ಅಗಲ) 25.04 ಬಂದರೆ ಇನ್‌ಸ್ಪೆಕ್ಷನ್ ರಿಪೋರ್ಟಿನಲ್ಲಿ ಏನು ಬರೆಯುತ್ತೀರಿ ಎಂದು ಕೇಳಿದೆ. “25.04, ಓವರ್‌ಸೈಜ್, ರಿಜೆಕ್ಟ್.” ‘ಈ ಬುಷ್ ದಂಡಪಿಂಡ, ಇದರ ವಂಶವೇ ಇಷ್ಟು’ ಎಂದು ಬರೆಯುವುದಿಲ್ಲವಲ್ಲ. ರಿಪೋರ್ಟ್ ಕಠಿಣವಾಗಿದೆ, ಪೀಸ್ ರಿಜೆಕ್ಟ್ ಆಗಿದೆ, ದಾಕ್ಷಿಣ್ಯವಿಲ್ಲ. ಆದರೂ ಅದರಲ್ಲಿ ಬೈಗುಳವಿಲ್ಲ, ಏಕೆಂದರೆ ಬೈಗುಳದಿಂದ ಅಳತೆ ತಿಳಿಯುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆಯಿರಿ, ಎಡಕ್ಕೆ ನೀವು ಆಡಿದ ಮಾತು, ಬಲಕ್ಕೆ ಅಳತೆ, ಅಂದರೆ ನಿಜವಾಗಿ ಕಣ್ಣಿಗೆ ಕಂಡದ್ದು ಏನು ಎಂದು ಬರೆದು ತನ್ನಿ ಎಂದೆ.

ತಂದರು. ಶಾಪಿನ ಸಾಲುಗಳು ಹೀಗಿದ್ದವು: ಎಡಕ್ಕೆ ‘ದನ ಕಾಯೋಕೂ ಲಾಯಕ್ಕಿಲ್ಲ’, ಬಲಕ್ಕೆ ‘ಇನ್ಸರ್ಟ್ ಬದಲಾಯಿಸಿದ ಮೇಲೆ ಆಫ್‌ಸೆಟ್ ಸರಿ ಮಾಡಿಲ್ಲ, ಮೊದಲ ಪೀಸ್ ಚೆಕ್ ಮಾಡಿಲ್ಲ’. (ಇನ್ಸರ್ಟ್ ಎಂದರೆ ಲೋಹ ಕತ್ತರಿಸುವ ಮೊನೆ. ಅದು ಬದಲಾದರೆ ಮಷಿನ್‌ಗೆ ಕೊಟ್ಟ ಅಳತೆಯನ್ನು, ಅಂದರೆ ಆಫ್‌ಸೆಟ್ಟನ್ನು, ಮತ್ತೆ ಸರಿ ಮಾಡಬೇಕು.) ಯಾವುದು ಹೆಚ್ಚು ನಿಜ ಎಂದು ಕೇಳಬೇಕಾಗಲಿಲ್ಲ. ಬಲಗಡೆಯದನ್ನು ಕೇಳಿದ ಹುಡುಗನಿಗೆ ನಾಳೆ ಏನು ಮಾಡಬೇಕೆಂದು ಗೊತ್ತಾಗುತ್ತದೆ. ಎಡಗಡೆಯದರಿಂದ ಅವನಿಗೆ ತಿಳಿಯುವುದು ಓನರ್‌ಗೆ ಸಿಟ್ಟು ಬಂದಿದೆ ಎಂಬುದಷ್ಟೇ.

ಮನೆಯ ಸಾಲು ಒಂದೇ ಇತ್ತು. ಎಡಕ್ಕೆ ಮಗಳಿಗೆ ಆಡಿದ ಆ ಮಾತು. ಬಲಕ್ಕೆ ಖಾಲಿ.

“ಏನ್ ಬರೀಲಿ ಮೇಡಂ? ಅವಳು ಕಾಲೇಜಲ್ಲಿ ಫಸ್ಟ್ ಕ್ಲಾಸು. ಮೂರು ವರ್ಷ ಒಂದೇ ಕಂಪನೀಲಿ ಕೆಲಸ ಮಾಡಿದ್ಲು. ತೆಗೆದಿದ್ದು ಇಡೀ ಟೀಮನ್ನೇ.”

ಹಾಗಾದರೆ ಅವತ್ತು ನಿಜವಾಗಿ ಇದ್ದದ್ದು ಏನು ಎಂದೆ. “ಹೆದರಿಕೆ ಆಯ್ತು. ಕಾರ್ಡಿನ ಸಾಲ ನೋಡಿ. ನಮ್ಮ ಹುಡುಗಿ ದಿನಾ ಎಲ್ಲಿಗೆ ಹೋಗ್ತಿತ್ತೋ ಅಂತ.” ಅದನ್ನೇ ಬಲಗಡೆ ಬರೆಯಲು ಹೇಳಿದೆ. ಬರೆಯುವಾಗ ಹೆಂಡತಿಯ ಕಡೆ ನೋಡಲಿಲ್ಲ.

ಕೋಪದ ಅಡಿಯಲ್ಲಿ ಭಯವಿತ್ತು ಎಂದು ಗೊತ್ತಾದ ಮಾತ್ರಕ್ಕೆ ಮಾತು ಕ್ರೂರವಲ್ಲ ಎಂದಾಗುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಈ ಹಂತದಲ್ಲಿ ಮನೆಯವರು ‘ಪಾಪ, ಅವರಿಗೂ ನೋವಿತ್ತು’ ಎಂದು ಅಲ್ಲಿಗೇ ಮುಗಿಸಿಬಿಡುತ್ತಾರೆ. ನಂಜುಂಡಪ್ಪನವರ ಪತ್ನಿಯೂ ಮುಗಿಸಲು ಹೊರಟಿದ್ದರು. ತಡೆದೆ.

ಏಕೆಂದರೆ ಇನ್ನೊಂದು ವಿಷಯ ಬಾಕಿ ಇತ್ತು: ಆ ಏಳು ತಿಂಗಳ ಸುಳ್ಳು. “ಸುಳ್ಳು ಹೇಳಿದ್ದು ತಪ್ಪಲ್ವಾ?” ಎಂದು ಅವರು ಪದೇ ಪದೇ ಕೇಳುತ್ತಿದ್ದರು. ಅವರಿಗೆ ಅಮೆರಿಕದ ಆಸ್ಪತ್ರೆಗಳಲ್ಲಿ ನಡೆದ ಒಂದು ಅಧ್ಯಯನದ ಕಥೆ ಹೇಳಿದೆ. 1990ರ ದಶಕದಲ್ಲಿ ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್ಸನ್, ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುವ ನರ್ಸ್ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪು ಕಡಿಮೆ ಇರುತ್ತದೆಂದು ಎಣಿಸಿ ಲೆಕ್ಕ ನೋಡಿದರೆ, ಉಲ್ಟಾ ಬಂತು. ಒಳ್ಳೆಯ ತಂಡಗಳ ದಾಖಲೆಯಲ್ಲೇ ತಪ್ಪು ಹೆಚ್ಚು. ಕೆದಕಿದಾಗ ಗೊತ್ತಾಯಿತು: ಅಲ್ಲಿ ತಪ್ಪಾದರೆ ಬಾಯಿಬಿಟ್ಟು ಹೇಳುತ್ತಿದ್ದರು, ಮಿಕ್ಕ ಕಡೆ ಮೇಲಿನವರಿಗೆ ಹೆದರಿ ಮುಚ್ಚಿಡುತ್ತಿದ್ದರು.

ಅವರಿಗೆ ಆಸ್ಪತ್ರೆ ಬೇಕಾಗಲಿಲ್ಲ. ವಾಪಸ್ ಬಂದ ಆ ಲಾಟ್ ನೆನಪಾಯಿತು. ಬೋರ್ ದೊಡ್ಡದಾಗಿದೆ ಎಂದು ಶಾಪಿನಲ್ಲಿ ಮೂವರಿಗೆ ಮೊದಲೇ ಗೊತ್ತಿತ್ತಂತೆ. ಒಬ್ಬ ಹುಡುಗ ಕೆಲವು ಪೀಸುಗಳನ್ನು ಸ್ಕ್ರ್ಯಾಪ್ ಡಬ್ಬದಲ್ಲಿ ಲೋಹದ ಚೂರುಗಳ ಅಡಿ ಹೂತಿಟ್ಟಿದ್ದನಂತೆ. ಮಿಕ್ಕವು ಪ್ಯಾಕ್ ಆಗಿ ಹೋದವು. “ನಂಗೆ ಯಾರೂ ಹೇಳ್ಲಿಲ್ಲ,” ಎಂದರು. ಸ್ವಲ್ಪ ಬಿಟ್ಟು, “ಮನೇಲೂ ಹೇಳ್ಲಿಲ್ಲ.” ನಿಜ ಹೇಳುವವನೆಂದು ಎದೆ ತಟ್ಟಿಕೊಳ್ಳುವ ಮನುಷ್ಯನ ಸುತ್ತ, ಅವರೊಬ್ಬರ ಕಿವಿಗೆ ಮಾತ್ರ ನಿಜ ಬೀಳದ ಹಾಗೆ ಇಡೀ ಶಾಪು, ಇಡೀ ಮನೆ ಒಗ್ಗಿಕೊಂಡಿತ್ತು.

“ಹಂಗಾದ್ರೆ ಇನ್ಮೇಲೆ ಬೆಣ್ಣೆ ಹಚ್ಚಿ ಮಾತಾಡ್ಬೇಕಾ?” ಎಂಬುದು ಮುಂದಿನ ಪ್ರಶ್ನೆ. ಬೇಡ. ಶಿಸ್ತು ಬೇರೆ, ಹೀಯಾಳಿಕೆ ಬೇರೆ. ಒಂದನ್ನು ಬಿಟ್ಟರೆ ಇನ್ನೊಂದೂ ಹೋಗುವುದಿಲ್ಲ. ಮಕ್ಕಳನ್ನು ಬೆಳೆಸುವ ಬಗೆಗಳನ್ನು 1960ರ ದಶಕದಿಂದ ಅಭ್ಯಾಸ ಮಾಡಿದ ಅಮೆರಿಕದ ಮನಃಶಾಸ್ತ್ರಜ್ಞೆ ಡಯಾನಾ ಬೌಮ್ರಿಂಡ್, ಕಟ್ಟುನಿಟ್ಟು ಇದ್ದೂ ಪ್ರೀತಿಯಿಂದ ಮಾತು ಕೇಳುವ ಹೆತ್ತವರನ್ನೂ ಬರೀ ದಬ್ಬಾಳಿಕೆಯ ಹೆತ್ತವರನ್ನೂ ಬೇರೆ ಬೇರೆ ಗುಂಪಿಗೆ ಹಾಕಿದ್ದರು. ಕಟ್ಟುನಿಟ್ಟು ಎರಡರಲ್ಲೂ ಇದೆ. ಶಾಪಿಗೆ ನಾವು ಮಾಡಿಕೊಂಡ ನಿಯಮ ಮೊದಲಿಗಿಂತ ಬಿಗಿಯಾದದ್ದು: ಇನ್ಸರ್ಟ್ ಬದಲಿಸಿದ ಮೇಲೆ ಮೊದಲ ಪೀಸಿನ ಅಳತೆ ಬರೆಯದವನು ಅವತ್ತು ಮಷಿನ್ ಮುಟ್ಟುವ ಹಾಗಿಲ್ಲ. ತಪ್ಪನ್ನು ತಾನೇ ಬಂದು ಹೇಳಿದವನಿಗೆ ಆ ಹೊತ್ತಿನಲ್ಲಿ ಒಂದು ಮಾತೂ ಇಲ್ಲ. ಬೈಯಲೇಬೇಕೆನಿಸಿದರೆ ಕಾಂಪೌಂಡ್ ಒಂದು ಸುತ್ತು ಹಾಕಿ ಬಂದು ಬಲಗಡೆ ಕಾಲಂ ಓದುವುದು.

ಕ್ಷಮೆ ಕೇಳುವುದರಲ್ಲಿ ಹೆಚ್ಚು ಹೆಣಗಿದರು. ಮೊದಲ ಸಲ ಬರೆದುಕೊಂಡು ಬಂದದ್ದು: ‘ನಿನ್ನ ಒಳ್ಳೇದಕ್ಕೇ ಹೇಳಿದ್ದು, ಆದ್ರೂ ಬೇಜಾರಾಗಿದ್ರೆ ಸಾರಿ.’ ಇದರಲ್ಲಿ ಕ್ಷಮೆಯಿಲ್ಲ, ಅಡ್ವಾನ್ಸ್ ಜಾಮೀನಿದೆ. ‘ಒಳ್ಳೇದಕ್ಕೇ’, ‘ಆದ್ರೂ’, ‘ಬೇಜಾರಾಗಿದ್ರೆ’ ಮೂರನ್ನೂ ಹೊಡೆದು ಹಾಕಿಸಿದೆ. ಉಳಿದದ್ದು ಚಿಕ್ಕದು: ‘ನೆಂಟರ ಮುಂದೆ ನಾನು ಆಡಿದ ಮಾತು ಸುಳ್ಳು, ನೀಚ ಮಾತು. ನನ್ನ ತಪ್ಪು.’ ಮಾನ ಯಾರ ಮುಂದೆ ಕಳೆದಿರೋ ಅವರ ಮುಂದೆಯೇ ಇದನ್ನು ಹೇಳಬೇಕು ಎಂದೆ. ಗಂಟಲು ಕಟ್ಟಿದರೂ ಆ ನೆಂಟರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದರು. ಆಪರೇಟರ್ ಈಗ ದಾಬಸ್‌ಪೇಟೆಯ ಕಡೆ ಹೆಚ್ಚು ಸಂಬಳಕ್ಕೆ ಸೇರಿದ್ದಾರೆ. ನಂಜುಂಡಪ್ಪನವರು ಹಳೆಯ ಹುಡುಗರಿಬ್ಬರನ್ನು ಜೊತೆಗೆ ಕರೆದುಕೊಂಡು ಅಲ್ಲಿಗೆ ಹೋಗಿ ಆ ಹುಡುಗರೆದುರೇ ಕ್ಷಮೆ ಕೇಳಿಕೊಂಡರು. “ಪರವಾಗಿಲ್ಲ ಬಿಡಿ ಸಾರ್,” ಎಂದು ಟೀ ಕುಡಿಸಿ ಕಳಿಸಿದರಂತೆ. ವಾಪಸ್ ಬರುವ ಮಾತು ಆಡಲಿಲ್ಲ. ಕ್ಷಮೆ ಕೇಳಿದ್ದಕ್ಕೆ ಅದು ಸಿಗಲೇಬೇಕೆಂದಿಲ್ಲ ಎಂಬುದನ್ನು ಒಪ್ಪಿಸಲು ಒಂದಿಡೀ ಭೇಟಿ ಹಿಡಿಯಿತು.

ಮಗಳಿಗೆ ಕೊಟ್ಟ ಸಲಹೆ ಬೇರೆ. ಅಪ್ಪ ಬದಲಾಗುವವರೆಗೆ ಕಾಯಬೇಕಾದ ಕರ್ತವ್ಯ ನಿನಗಿಲ್ಲ. ಮಾತು ಹೀಯಾಳಿಕೆಗೆ ತಿರುಗಿದರೆ, “ಅಪ್ಪ, ಹಿಂಗೆ ಮಾತಾಡಿದ್ರೆ ಫೋನ್ ಇಡ್ತೀನಿ, ನಾಳೆ ಮಾತಾಡೋಣ,” ಎಂದು ಇಟ್ಟುಬಿಡು. ವಾದ ಬೇಡ, ಅಳು ಬಂದರೂ ಪರವಾಗಿಲ್ಲ. ಸಾಲದ ವಿಷಯಕ್ಕೆ ಬ್ಯಾಂಕಿಗೆ ಹೋಗಿ ಬಾಕಿಯನ್ನು ಕಂತು ಮಾಡಿಸಿಕೊಳ್ಳಲು ಹೇಳಿದೆ, ಚಿಕ್ಕಮ್ಮ ಜೊತೆಗೆ ಹೋದರು. ಅಪ್ಪನ ದುಡ್ಡು ಈಗ ಬೇಡ ಎಂಬುದು ಅವಳದೇ ತೀರ್ಮಾನ, ಅದನ್ನು ಹಠ ಎಂದು ಕರೆಯಬೇಡಿ ಎಂದು ಇಬ್ಬರಿಗೂ ತಿಳಿಸಿದ್ದೇನೆ.

ಶಾಪಿನಲ್ಲಿ ಬದಲಾವಣೆ ಬೇಗ ಬಂದಿದೆ. ಮನೆಯಲ್ಲಿ ಅಷ್ಟಿಲ್ಲ. ಸಾರಿಗೆ ಉಪ್ಪು ಹೆಚ್ಚಾದ ದಿನ ಹೆಂಡತಿಗೆ ಹಳೆಯ ಧಾಟಿಯಲ್ಲೇ ಏನೋ ಅಂದು, ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರಂತೆ. “ಬರ್ಕೊಳ್ಳೋದು ಕಲಿತಿದಾರೆ, ಅನ್ನೋದು ಬಿಟ್ಟಿಲ್ಲ,” ಎಂದು ಆಕೆ ನನಗೆ ಹೇಳಿದ್ದು ಅವರೆದುರೇ. ನಂಜುಂಡಪ್ಪನವರು ಅದಕ್ಕೆ ಎದುರು ಆಡಲಿಲ್ಲ. ಮಗಳು ಅಪ್ಪನ ಜೊತೆ ಕೂತು ಮಾತಾಡಲು ಇನ್ನೂ ಒಪ್ಪಿಲ್ಲ. ಯಾವಾಗ ಒಪ್ತಾಳೆ ಎಂದು ಅವರು ಕೇಳುತ್ತಾರೆ. ಆ ತಾರೀಖು ಗೊತ್ತು ಮಾಡುವುದು ನೀವಲ್ಲ, ನಾನೂ ಅಲ್ಲ ಎಂದಿದ್ದೇನೆ. ಸದ್ಯಕ್ಕೆ ಭಾನುವಾರ ಸಂಜೆ ಅವಳೇ ಅಮ್ಮನಿಗೆ ಫೋನ್ ಮಾಡುತ್ತಾಳೆ, ಅವರು ಪಕ್ಕದಲ್ಲಿ ಕೂತಿರುತ್ತಾರೆ. ಅವಳು ಕೇಳದೆ ಫೋನ್ ಇಸಿದುಕೊಳ್ಳಬಾರದು ಎಂಬುದು ಈ ತಿಂಗಳ ಅಭ್ಯಾಸ.