ನರಾರಾಕ್ಕೆ ಹೊರಡುವ ಮುಂಚೆ ಪಂಚಾಂಗ ನೋಡಿ

ಡಿಸೆಂಬರ್‌ನಲ್ಲಿ ಆರು ವರ್ಷದ ಮಗಳ ಜೊತೆ ಗುಜರಾತಿನ ಜಾಮ್‌ನಗರಕ್ಕೆ ಹೋಗುತ್ತಿದ್ದೀರಿ, ಇರುವುದು ಒಂದೇ ದಿನ, ನೀರಲ್ಲಿ ಮುಳುಗದೆ ಹವಳ ನೋಡಬಹುದಾ, ನರಾರಾ ಒಳ್ಳೆಯದಾ ಪಿರೋಟನ್ ದ್ವೀಪ ಒಳ್ಳೆಯದಾ ಅಂತ ಕೇಳಿದ್ದೀರಿ.

ನರಾರಾಕ್ಕೇ ಹೋಗಿ. ಪಿರೋಟನ್‌ಗೆ ದೋಣಿ ಬೇಕು, ಅದು ಉಬ್ಬರ ಇದ್ದಾಗ ಮಾತ್ರ ಸಾಗುತ್ತದೆ, ವಾಪಸ್ ಬರೋಕೆ ಮುಂದಿನ ಉಬ್ಬರದವರೆಗೆ ಅಲ್ಲೇ ಕಾಯಬೇಕು. ಚಿಕ್ಕ ಮಗು ಇಟ್ಟುಕೊಂಡು ಅದು ಬೇಡ. ನರಾರಾ ದಡಕ್ಕೇ ಅಂಟಿಕೊಂಡಿದೆ, ಜಾಮ್‌ನಗರದಿಂದ ಕಾರಿನಲ್ಲಿ ಸುಮಾರು 60 ಕಿಲೋಮೀಟರ್. ಸಮುದ್ರ ಹಿಂದೆ ಸರಿದ ಮೇಲೆ ಅದರ ತಳದಲ್ಲೇ ನಡೆದುಕೊಂಡು ಹೋಗುತ್ತೀರಿ. ಕಛ್ ಕೊಲ್ಲಿಯ ಈ ಭಾಗ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ನಮ್ಮ ದೇಶದ ಮೊದಲ ಸಾಗರ ಉದ್ಯಾನ ಇದೇ.

ಆದರೆ ಎಲ್ಲ ನಿಂತಿರುವುದು ಇಳಿತದ ಮೇಲೆ. ಮೊದಲ ಸಲ ನಾನು ರಜೆ ಸಿಕ್ಕಿತು ಅಂತ ಹೋಗಿಬಿಟ್ಟೆ. ಅವತ್ತು ಅಷ್ಟಮಿ. ನೀರು ಅರ್ಧಂಬರ್ಧ ಇಳಿದು ಅಲ್ಲೇ ನಿಂತಿತು, ಹವಳ ಇರುವ ಜಾಗ ಕಾಣಲೇ ಇಲ್ಲ, ಅಷ್ಟು ದೂರ ಹೋಗಿ ಕೆಸರು ನೋಡಿ ಬಂದೆ. ಬಹಳ ಬೇಜಾರಾಯಿತು. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದಾದ ಮೇಲಿನ ಎರಡು ಮೂರು ದಿನ ನೀರು ಚೆನ್ನಾಗಿ ಕೆಳಗೆ ಹೋಗುತ್ತದೆ. ಹಾಗಾಗಿ ಟಿಕೆಟ್ ಮಾಡಿಸುವ ಮುಂಚೆ ತಿಥಿ ನೋಡಿ, ಆಮೇಲೆ ಉಬ್ಬರ ಇಳಿತದ ಹೊತ್ತು ಕೊಡುವ ಟೈಡ್ ಟೇಬಲ್‌ನಲ್ಲಿ ಗಂಟೆ ನೋಡಿ, ಯಾಕೆಂದರೆ ಇಳಿತ ದಿನಕ್ಕೆ ಎರಡು ಸಲ ಬರುತ್ತದೆ, ಒಂದು ಕತ್ತಲಲ್ಲೂ ಬರಬಹುದು, ಮತ್ತೆ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನೀರು ಪೂರ್ತಿ ಇಳಿಯೋಕೆ ಎರಡು ಗಂಟೆ ಮುಂಚೆ ಅಲ್ಲಿರಿ. ಅರಣ್ಯ ಇಲಾಖೆಯ ಪರವಾನಗಿ ಬೇಕು, ಗೈಡ್ ಇಲ್ಲದೆ ಒಳಗೆ ಹೋಗಬೇಡಿ. ಅವರು ವಾಪಸ್ ಹೊರಡೋಣ ಅಂದರೆ ಆ ಕ್ಷಣವೇ ತಿರುಗಿ, ಅಲ್ಲಿ ನೀರು ಬರುವುದು ಬೇಗ.

ಏನೇನು ಕಾಣುತ್ತದೆ ಅಂದರೆ ಏಡಿ, ನಕ್ಷತ್ರ ಮೀನು, ಸಮುದ್ರ ಸೌತೆ (ಸೌತೆಕಾಯಿ ಆಕಾರದ ಪ್ರಾಣಿ), ಪಫರ್ ಮೀನು, ಅದೃಷ್ಟ ಇದ್ದರೆ ಆಕ್ಟೋಪಸ್. ಎರಡನೇ ಸಲ ನಾವು ಒಂದು ಸಣ್ಣ ಹೊಂಡದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದೆವು. ಗೈಡ್ ಸುಮ್ನೆ ಒಂದು ಕಲ್ಲು ತೋರಿಸಿದರು. ಕಲ್ಲೇ ಅಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅದರ ಪಕ್ಕದಲ್ಲಿ ಒಂದು ತೂತು ಮೆಲ್ಲಗೆ ತೆರೆದು ಮುಚ್ಚಿತು, ಉಸಿರಾಡುತ್ತಿತ್ತು! ಆಮೇಲೆ ಕಣ್ಣು ಕಂಡಿತು. ಆಕ್ಟೋಪಸ್ ಅದು, ಮರಳಿನ ಮೇಲೆ ಜಾರುತ್ತಾ ಹೋದ ಹಾಗೆ ಕಂದು ಬಣ್ಣ ಬಿಟ್ಟು ಮರಳಿನದೇ ಬಣ್ಣಕ್ಕೆ ತಿರುಗಿ, ಇನ್ನೊಂದು ಕಲ್ಲಿನ ಸಂದಿಯಲ್ಲಿ ಪೂರ್ತಿ ಮಾಯವಾಯಿತು. ಇದಕ್ಕೆ ಹೆಚ್ಚು ನಡೆಯೋದು ಬೇಡ, ಒಂದೇ ಕಡೆ ಹತ್ತು ನಿಮಿಷ ಅಲುಗದೆ ಕೂರಬೇಕು. ನಿಮ್ಮ ಮಗಳು ಇದನ್ನು ನಿಮಗಿಂತ ಚೆನ್ನಾಗಿ ಮಾಡುತ್ತಾಳೆ, ನೋಡಿ.

ಒಂದು ಮಾತು ದಯವಿಟ್ಟು ಕೇಳಿ. ಅವತ್ತು ನಮ್ಮ ಹಿಂದಿದ್ದ ಗುಂಪಿನಲ್ಲಿ ಒಬ್ಬರು ಪಫರ್ ಮೀನನ್ನು ಎತ್ತಿ ಹಿಡಿದು ಅದು ಚೆಂಡಿನ ಹಾಗೆ ಊದಿಕೊಳ್ಳುವುದನ್ನು ಫೋಟೋ ತೆಗೆಸಿಕೊಂಡರು. ಅದು ಊದಿಕೊಳ್ಳುವುದು ಭಯಕ್ಕೆ. ನೀರಿನ ಹೊರಗೆ ನೀರಿನ ಬದಲು ಗಾಳಿ ನುಂಗುತ್ತದೆ, ಅದನ್ನು ಹೊರಹಾಕೋಕೆ ಒದ್ದಾಡುತ್ತದೆ, ಸತ್ತರೂ ಸಾಯಬಹುದು. ಯಾರಾದರೂ ನಿಮಗಾಗಿ ಎತ್ತಿ ತೋರಿಸೋಕೆ ಬಂದರೆ ಬೇಡ ಅನ್ನಿ. ಹವಳವನ್ನೂ ಮುಟ್ಟಬೇಡಿ. ನೀರಿಲ್ಲದ ಹೊತ್ತಲ್ಲಿ ಅದು ಒಣಗದ ಹಾಗೆ ಮೈಮೇಲೆ ಲೋಳೆ ಹೊದ್ದುಕೊಂಡಿರುತ್ತದೆ, ಬೆರಳಿಟ್ಟರೆ ಆ ಹೊದಿಕೆಯೇ ಹೋಯಿತು. ಮರಳು ಕಂಡಲ್ಲಿ ಮಾತ್ರ ಕಾಲಿಡಿ. ಚಿಪ್ಪು, ಹವಳದ ಚೂರು ಒಂದನ್ನೂ ಜೇಬಿಗೆ ಹಾಕಬೇಡಿ, ಅಲ್ಲಿಂದ ಏನೂ ತರುವ ಹಾಗಿಲ್ಲ. ಹವಳ, ಸಮುದ್ರ ಸೌತೆ ಎಲ್ಲ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಇವೆ. ಮಗಳಿಗೆ ಇದನ್ನು ಹೊರಡುವ ಮುಂಚೆಯೇ ಹೇಳಿಬಿಡಿ, ಅಲ್ಲಿ ಹೋಗಿ ಕೈಯಿಂದ ಕಿತ್ತುಕೊಂಡರೆ ಅಳುತ್ತಾಳೆ ಅಲ್ವಾ.

ಇಳಿತದ ಗಂಟೆ ನೋಡಿ, ಉಳಿದ ಅರ್ಧ ದಿನಕ್ಕೆ ಖಿಜಡಿಯಾ ಪಕ್ಷಿಧಾಮ ಇಟ್ಟುಕೊಳ್ಳಿ, ಜಾಮ್‌ನಗರಕ್ಕೆ ಹತ್ತಿರ. ಅಲ್ಲಿ ಒಂದು ಉದ್ದದ ಒಡ್ಡು ಇದೆ, ಒಂದು ಕಡೆ ಸಿಹಿನೀರು, ಇನ್ನೊಂದು ಕಡೆ ಉಪ್ಪುನೀರು, ಅದಕ್ಕೇ ಎರಡೂ ಥರದ ಹಕ್ಕಿ ಒಂದೇ ಕಡೆ ಸಿಗುತ್ತವೆ. 2021ರಲ್ಲಿ ಅದಕ್ಕೆ ರಾಮ್ಸಾರ್ ಮಾನ್ಯತೆ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿತು. ಡಿಸೆಂಬರ್‌ನಲ್ಲಿ ರಾಜಹಂಸ, ಹೆಜ್ಜಾರ್ಲೆ ಜಾಸ್ತಿ ಇರುತ್ತವೆ.

ನರಾರಾಕ್ಕೆ ಚಪ್ಪಲಿ ಬೇಡ, ಕೆಸರು ಎಳೆದುಕೊಂಡುಬಿಡುತ್ತದೆ. ದಪ್ಪ ಅಟ್ಟೆಯ ಹಳೇ ಕ್ಯಾನ್ವಾಸ್ ಬೂಟು, ತುಂಬು ತೋಳಿನ ಅಂಗಿ, ಟೋಪಿ, ಕುಡಿಯೋಕೆ ನೀರು. ಮಗಳಿಗೆ ಒಂದು ಜೊತೆ ಒಣ ಬಟ್ಟೆ ಕಾರಿನಲ್ಲಿಡಿ, ಮೊಣಕಾಲವರೆಗೆ ನೆನೆಯುವುದಂತೂ ಖಂಡಿತ.