ಹಾಲಿನ ಬಟ್ಟಲು ಒಳಗಿಡಿ, ತಾಯಿ

"ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಹಿತ್ತಿಲ ಹುಲ್ಲಿನ ಮೇಲೆ ಪುಟ್ಟ ಮುಳ್ಳುಹಂದಿಯೊಂದು ಬಿಸಿಲು ಕಾಯಿಸುತ್ತ ಮಲಗಿತ್ತು. ಪಾಪ ಎನಿಸಿ ಹಾಲು, ಬ್ರೆಡ್ಡು ಇಟ್ಟೆ. 'ಕಾಡುಪ್ರಾಣಿ, ಅದರ ಪಾಡಿಗೆ ಬಿಡು' ಎಂದು ಯಜಮಾನರು ರೇಗಿದರು. ಸಂಜೆಗೆ ಅದು ಕಾಣಲಿಲ್ಲ. ಮತ್ತೆ ಬಂದರೆ ಏನು ಮಾಡಲಿ?"
– ಓದುಗರೊಬ್ಬರು, ಲೀಡ್ಸ್, ಇಂಗ್ಲೆಂಡ್

ಸಂಪಾದಕರ ಉತ್ತರ: ಯಜಮಾನರ ಮಾತನ್ನು ಮೊದಲು ಮುಗಿಸಿಬಿಡೋಣ. ಒಣ ಎಲೆ ಕಚ್ಚಿಕೊಂಡು ಚುರುಕಾಗಿ ಓಡಾಡುವ ಹೆಡ್ಜ್‌ಹಾಗ್ (ನೀವು ಮುಳ್ಳುಹಂದಿ ಎಂದದ್ದು ಇದನ್ನೇ) ಗೂಡು ಕಟ್ಟುವ ತಾಯಿ ಇರಬಹುದು, ಅದನ್ನು ಮುಟ್ಟಬಾರದು. ಎಲೆರಾಶಿಯೊಳಗೆ ಚೆಂಡಾಗಿ ಚಳಿನಿದ್ದೆ ಮಾಡುವುದನ್ನು ಎಬ್ಬಿಸಬಾರದು. ಅಷ್ಟಕ್ಕೆ ಅವರು ಸರಿ.

ನೀವು ಕಂಡದ್ದು ಇವೆರಡೂ ಅಲ್ಲ. ರಾತ್ರಿ ತಿರುಗುವ ಪ್ರಾಣಿ ಹಗಲಲ್ಲಿ, ಬಯಲಲ್ಲಿ ಬಿದ್ದುಕೊಂಡಿದೆ ಎಂದರೆ ಅದು ಬಿಸಿಲು ಕಾಯಿಸುವುದಲ್ಲ, ಮೈ ತಣ್ಣಗಾಗಿ ಸೋಲುತ್ತಿದೆ. ನಿಮ್ಮ ಕರುಳು ಚುರುಕ್ ಎಂದದ್ದು ಸರಿಯಾಗಿಯೇ ಇತ್ತು. ತಪ್ಪಿದ್ದು ಬಟ್ಟಲಲ್ಲಿ.

ಪಾಪ ಎನಿಸಿದ್ದಕ್ಕೆಲ್ಲ ಹಾಲೆರೆಯುವುದು ನಮ್ಮ ಹಳೇ ಚಾಳಿ. ನಾಗರಪಂಚಮಿಗೆ ಹಾವನ್ನೂ ಬಿಟ್ಟವರಲ್ಲ ನಾವು. ಹೆಡ್ಜ್‌ಹಾಗ್‌ಗೆ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಅರಗುವುದಿಲ್ಲ. ಭೇದಿ ಹತ್ತಿ, ಮೊದಲೇ ಬತ್ತಿದ ಮೈಯಿಂದ ಇದ್ದ ನೀರೂ ಹೋಗುತ್ತದೆ. ಇಂಗ್ಲಿಷರೂ ತಲೆಮಾರುಗಳಿಂದ ಇದನ್ನೇ ಮಾಡಿದವರು, ಬೇಜಾರು ಬೇಡ.

ಮತ್ತೆ ಕಂಡರೆ ತೋಟದ ದಪ್ಪ ಗ್ಲೌಸ್ ಹಾಕಿ ಎತ್ತಿ, ಎತ್ತರದ ರಟ್ಟಿನ ಪೆಟ್ಟಿಗೆಯಲ್ಲಿಡಿ. ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ ಒಂದು ಬದಿಗಿಡಿ. ಸೆಕೆಯಾದರೆ ಸರಿದುಕೊಳ್ಳಲು ಇನ್ನೊಂದು ಬದಿ ಖಾಲಿ ಇರಲಿ. ನೀರು ಆರಿದ ಕೂಡಲೇ ಬದಲಿಸಿ. ತಣ್ಣಗಾದ ಚೀಲ ಶಾಖ ಕೊಡುವ ಬದಲು ಅದರ ಮೈಯ ಶಾಖವನ್ನೇ ಎಳೆದುಕೊಳ್ಳುತ್ತದೆ. ಅನೇಕರು ಎಡವುವುದು ಇಲ್ಲೇ. ಮೇಲೊಂದು ಟವೆಲ್ ಹೊದಿಸಿ ಸದ್ದಿಲ್ಲದ ಕೋಣೆಯಲ್ಲಿಟ್ಟು, ತಗ್ಗಾದ ತಟ್ಟೆಯಲ್ಲಿ ನೀರಿಡಿ. ಮೈ ಬೆಚ್ಚಗಾಗುವ ಮುಂಚೆ ಊಟ ಬೇಡ. ಅಡುಗೆಮನೆ ತಕ್ಕಡಿಯಲ್ಲಿ ತೂಗಿ: ಶರತ್ಕಾಲದ ಕೊನೆಗೂ 450 ಗ್ರಾಂ ಮುಟ್ಟದ ಮರಿಯಲ್ಲಿ ಚಳಿಗಾಲ ದಾಟುವಷ್ಟು ಕೊಬ್ಬಿರುವುದಿಲ್ಲ. ಮುಳ್ಳಿನ ಸಂದಿಯಲ್ಲಿ ಅಕ್ಕಿನುಚ್ಚಿನಂಥ ಬಿಳಿ ಗುಂಪು ಕಂಡರೆ ಅದು ನೊಣದ ಮೊಟ್ಟೆ; ಗಂಟೆಗಳಲ್ಲಿ ಹುಳುವಾಗುತ್ತದೆ. 1982ರಿಂದ ಇರುವ ಬ್ರಿಟಿಷ್ ಹೆಡ್ಜ್‌ಹಾಗ್ ಪ್ರಿಸರ್ವೇಶನ್ ಸೊಸೈಟಿಗೆ ಫೋನ್ ಮಾಡಿ, ಹತ್ತಿರದ ಆರೈಕೆ ಕೇಂದ್ರ ಕೇಳಿ. ತಡಮಾಡಬೇಡಿ.

ಆರೋಗ್ಯವಾಗಿರುವವಕ್ಕೆ ರಾತ್ರಿ ಹೊತ್ತು ಬೆಕ್ಕಿಗೆ ಹಾಕುವ ಮಾಂಸದ ಆಹಾರ ಸಾಕು. ಹಕ್ಕಿಗಳಿಗೆಂದು ಮಾರುವ ಒಣ ಮೀಲ್‌ವರ್ಮ್ (ಒಂದು ಬಗೆಯ ಜೀರುಂಡೆಯ ಮರಿಹುಳು) ಬೇಡ. ಅದರಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಸುಣ್ಣದಂಶ ಕಡಿಮೆ. ತಿಂದು ತಿಂದು ಮೂಳೆ ಮೆದುವಾಗುತ್ತದೆ.

ಅಂದಹಾಗೆ, ಮುಳ್ಳಿದ್ದದ್ದೆಲ್ಲ ಮುಳ್ಳುಹಂದಿಯಲ್ಲ! ನಮ್ಮ ಮುಳ್ಳುಹಂದಿ ಹಲ್ಲಿನಿಂದ ಕೊರೆದು ತಿನ್ನುವ ದಂಶಕ. ನಿಮ್ಮ ಹಿತ್ತಿಲ ಅತಿಥಿ ಹುಳುಹುಪ್ಪಟೆ ತಿನ್ನುವ, ಸುಂಡಿಲಿಯ ದಾಯಾದಿ.

"ಅದರ ಪಾಡಿಗೆ ಬಿಡು" ಎನ್ನುವವರಿಗೆ ಒಂದು ಪ್ರಶ್ನೆ: ಅದರ ಪಾಡನ್ನು ನಾವು ಉಳಿಸಿದ್ದೇವೆಯೇ? ರಾತ್ರಿಗೆ ಒಂದೆರಡು ಕಿಲೋಮೀಟರ್ ನಡೆಯುವ ಪ್ರಾಣಿಗೆ ಮನೆಮನೆಗೂ ಬೇಲಿ ಅಡ್ಡ. ಕಾರು ನಿಲ್ಲಿಸಲು ಅಂಗಳಕ್ಕೆ ಕಲ್ಲು, ಗುಡಿಸುವ ಸೋಮಾರಿತನಕ್ಕೆ ಪ್ಲಾಸ್ಟಿಕ್ ಹುಲ್ಲು. ಮ್ಯಾಕ್‌ಫ್ಲರಿ ಐಸ್‌ಕ್ರೀಮ್ ಕಪ್ಪಿನ ಮುಚ್ಚಳದಲ್ಲಿ ತಲೆ ಸಿಕ್ಕಿ ಸತ್ತವೆಷ್ಟೋ. ಹೋರಾಟದ ನಂತರ 2006ರಲ್ಲಿ ಆ ಮುಚ್ಚಳದ ತೂತು ಕಿರಿದಾಯಿತು. 2020ರಲ್ಲಿ ಬ್ರಿಟನ್ನಿನ ಸಸ್ತನಿಗಳ ಕೆಂಪುಪಟ್ಟಿಯಲ್ಲಿ, ಅಳಿವಿನ ಭೀತಿ ಇರುವವುಗಳ ಸಾಲಿಗೆ ಇದರ ಹೆಸರೂ ಸೇರಿತು. ಬೆಂಗಳೂರಿನ ಕಾಂಪೌಂಡುಗಳ ಮೇಲೆ ಗಾಜಿನ ಚೂರು ನೆಟ್ಟು ಬೆಳೆದ ನಾವು ಯಾರಿಗೂ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ, ಬಿಡಿ.

ಪಕ್ಕದ ಮನೆಯವರನ್ನು ಕೇಳಿ, ಬೇಲಿಯ ಬುಡದಲ್ಲಿ 13 ಸೆಂ.ಮೀ. ಉದ್ದ, ಅಷ್ಟೇ ಅಗಲದ ಕಿಂಡಿ ಕೊರೆಸಿ. ಇವಕ್ಕೆ ಅಷ್ಟು ಸಾಕು, ಹೆಚ್ಚಿನ ನಾಯಿಗಳು ತೂರಲಾರವು. ಗರಗಸವನ್ನು ಯಜಮಾನರ ಕೈಗೇ ಕೊಡಿ.